ಎತ್ತರದ ಪಿಕಪ್ಪಿನ ಮೆಕ್ಯಾನಿಕ್

ಶಿವಾಜಿನಗರದ ಆ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿಯುವ ಮೊದಲು ಗಾಡಿಯಲ್ಲೊಂದು ಸುತ್ತು ಹೋಗುತ್ತಿದ್ದ. ಓಡಿಸುವುದು ಓನರ್, ಅವನು ಪಕ್ಕದಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದ. "ಗಾಡಿ ಸುಳ್ಳು ಹೇಳಲ್ಲ ಸಾರ್" ಎನ್ನುತ್ತಿದ್ದ.

ಯುಗಾದಿಗೆ ನಮ್ಮ ಭಾವ ಶೋಕಿಗೆಂದು ತಮ್ಮ ಪಿಕಪ್ಪನ್ನು ಅರ್ಧ ಅಡಿ ಎತ್ತರಿಸಿದ್ದರು. ಅಂದಿನಿಂದ ಅದು ಎಡಕ್ಕೇ ಎಳೆಯುತ್ತಿತ್ತು. ದೀಪಾವಳಿಯೊಳಗೆ ನೇರ ಹೋಗದಿದ್ದರೆ ಮಾರಲೇಬೇಕೆಂದು ಅಕ್ಕ ಗಡುವು ಕೊಟ್ಟಿದ್ದಳು.

ಮೆಕ್ಯಾನಿಕ್ ಓರೆಯಾಗಿದ್ದ ಸ್ಟೀರಿಂಗ್ ರಾಡುಗಳನ್ನು ಬದಲಿಸಿ, ಚಕ್ರಗಳನ್ನು ನೇರ ಮಾಡಿದ. ಟ್ರಯಲ್ಲಿಗೆ ಅಕ್ಕನೂ ಪ್ಲಾಸ್ಟಿಕ್ ಸ್ಟೂಲ್ ಮೆಟ್ಟಿ ಹತ್ತಿ ಹಿಂದಿನ ಸೀಟಿನಲ್ಲಿ ಕೂತಳು. ಮೆಕ್ಯಾನಿಕ್ ಮುಂದೆ ಕಣ್ಣು ಮುಚ್ಚಿ ಕೂತ, ಭಾವ ಹೊರಟರು. ಪಿಕಪ್ ಬಲಕ್ಕೆ ಹೋಗಿ ಸೌತೆಕಾಯಿ ತಳ್ಳುಗಾಡಿಯೆದುರು ನಿಂತಿತು.

"ಸಾಕು, ಮಾರ್ಬಿಡಿ ರೀ" ಎಂದಳು ಅಕ್ಕ.

"ರಿಪೇರಿ ಮಾಡಿದ್ರಾ, ಕೆಡಿಸಿದ್ರಾ?" ಭಾವ ಮೆಕ್ಯಾನಿಕ್ಕನ್ನು ಕೇಳಿದರು.

ಅವನು ಕಣ್ಣು ತೆರೆದ. "ಗಾಡಿ ಸುಳ್ಳು ಹೇಳಲ್ಲ ಸಾರ್. ಅದು ಎಡಕ್ಕೆ ಎಳೀತಿತ್ತು ಅಂತ ನೀವು ಇಷ್ಟು ದಿನ ಬಲಕ್ಕೆ ಎಳೆದ್ರಿ. ಅದು ಎಳೆಯೋದು ನಿಲ್ಲಿಸ್ತು, ನೀವು ನಿಲ್ಲಿಸಿಲ್ಲ. ಮೇಡಂ, ನೀವು ಬನ್ನಿ ಮುಂದೆ."

ಅಕ್ಕ ಹಲಸೂರಿನವರೆಗೂ ನೇರ ಓಡಿಸಿದಳು. ಮೆಕ್ಯಾನಿಕ್ ಪಕ್ಕದಲ್ಲಿ ನಿಜವಾಗಿಯೂ ನಿದ್ದೆಹೋದ.

ದೀಪಾವಳಿ ಕಳೆಯಿತು, ಪಿಕಪ್ ಮಾರಲಿಲ್ಲ. ಅಕ್ಕನೇ ಓಡಿಸುತ್ತಾಳೆ. ಭಾವ ಹಿಂದಿನ ಸೀಟಿನಲ್ಲಿ ಕೂತು, ನೇರ ರಸ್ತೆಯಲ್ಲೂ ಬಲಕ್ಕೆ ವಾಲುತ್ತಾರೆ.