ಉಜ್ಜಿ ತೊಳೆದ ಮೆಟ್ಟಿಲುಗಳು

ಚಾಮುಂಡಿ ಬೆಟ್ಟದ ಮೇಲೆ ಒಂದು ಊರಿದೆ ಎಂಬುದು ಮೈಸೂರಿನ ಅರ್ಧ ಜನಕ್ಕೆ ಗೊತ್ತಿಲ್ಲ. ಗೊತ್ತಿರುವ ಇನ್ನರ್ಧ ಜನಕ್ಕೆ ಅದು ಚಪ್ಪಲಿ ಬಿಡುವ ಜಾಗ. ಆ ಊರಿನಲ್ಲಿ ನಾನು ಎರಡು ವರ್ಷ ಬಾಡಿಗೆಗಿದ್ದೆ. ಎರಡೂವರೆಯೂ ಇರಬಹುದು. ಬರೆಯುವುದಕ್ಕೆ ಹೋಗಿದ್ದೆ ಎಂದು ಆಮೇಲೆ ಹಲವರ ಮುಂದೆ ಹೇಳಿಕೊಂಡಿದ್ದೇನೆ. ಕೆಳಗಿನ ಬಡಾವಣೆಗಳಲ್ಲಿ ಒಂಟಿ ಗಂಡಸಿಗೆ ಯಾರೂ ಮನೆ ಕೊಡಲಿಲ್ಲ, ಅಷ್ಟೇ ವಿಷಯ.

ಆ ಊರಿನ ನೀರಗಂಟಿ ಕಾಲು ಮುರಿದುಕೊಂಡು ಮಲಗಿದ್ದ. ಅವನ ಬದಲಿಗೆ ಬೆಳಿಗ್ಗೆ ಟ್ಯಾಂಕಿನ ವಾಲ್ವ್ ತಿರುಗಿಸಿ ಬೀದಿ ಬೀದಿಗೆ ನೀರು ಬಿಡುವುದು ನನ್ನ ಮೊದಲ ಕೆಲಸ. ಅದಾದ ಮೇಲೆ ಚಪ್ಪಲಿ ಸ್ಟ್ಯಾಂಡಿನಲ್ಲಿ ಟೋಕನ್ ಕೊಡುವುದು. ಮಧ್ಯಾಹ್ನ ಬಸ್ಸಿನಲ್ಲಿ ಕೆಳಗಿಳಿದು ಮಂಡಿ ಮೊಹಲ್ಲಾದ ಒಂದು ಸಣ್ಣ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆಗಳ ಕರಡು ತಿದ್ದುವುದು. ಎಲ್ಲ ಮದುವೆಗಳೂ ಒಂದೇ ವಾಕ್ಯದಲ್ಲಿ ನಡೆಯುತ್ತವೆ ಎಂಬುದನ್ನು ನಾನು ಕಲಿತದ್ದು ಅಲ್ಲಿ. ಮುಗಿಯದ ಕರಡುಗಳನ್ನು ಚಪ್ಪಲಿಗಳ ನಡುವೆ ಕೂತು ಓದುತ್ತಿದ್ದುದರಿಂದ ಊರಿನವರು ನನಗೆ ಚಪ್ಪಲಿ ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ನನ್ನ ಪುಸ್ತಕಗಳಿಗೆ ಬಂದ ಯಾವ ವಿಮರ್ಶೆಯೂ ಅಷ್ಟು ಕರಾರುವಾಕ್ಕಾಗಿರಲಿಲ್ಲ.

ಇಷ್ಟು ಸಾಲದೆಂದು ಭಾನುವಾರ ಸೇವೆ. ಜಯಲಕ್ಷ್ಮಿಪುರಂ ಕಡೆಯ ಹತ್ತು ಹನ್ನೆರಡು ಜನ ನಿವೃತ್ತರ ತಂಡ ಅದು. ಒಂದೇ ಬಣ್ಣದ ಟೀ ಶರ್ಟು, ರಬ್ಬರ್ ಕೈಗವಸು, ಕಾರಿನ ಡಿಕ್ಕಿಯಲ್ಲಿ ಸುತ್ತಿಟ್ಟ ಬ್ಯಾನರು. ಮೆಟ್ಟಿಲ ದಾರಿಯಲ್ಲಿ ಬಿದ್ದ ಚಿಪ್ಸ್ ಪೊಟ್ಟಣಗಳನ್ನು ಹೆಕ್ಕಿ, ಬ್ಯಾನರು ಬಿಚ್ಚಿ ಫೋಟೋ ತೆಗೆಸಿಕೊಂಡು, ಇಡ್ಲಿ ತಿಂದು ಇಳಿದುಹೋಗುತ್ತಿದ್ದರು. ಒಬ್ಬ ಸ್ಥಳೀಯ ಅವರಿಗೆ ಬೇಕಿತ್ತು. ನನಗೆ ಇಡ್ಲಿ ಬೇಕಿತ್ತು. ಸಮಾಜದ ಋಣ, ಬೆಟ್ಟದ ಮೇಲಿನ ಪ್ರೀತಿ ಎಂದೆಲ್ಲ ಆಗ ನಾನೂ ಮಾತಾಡಿರಬೇಕು. ಏನು ಮಾತಾಡಿದೆನೋ ನೆನಪಿಲ್ಲ, ಇಡ್ಲಿ ನೆನಪಿದೆ.

ಬೆಟ್ಟದ ಮೆಟ್ಟಿಲುಗಳಿಗೆ ಅರಿಶಿನ ಕುಂಕುಮ ಹಚ್ಚುವ ಹರಕೆಯನ್ನು ಮೈಸೂರಿನವರೆಲ್ಲ ನೋಡಿರುತ್ತಾರೆ. ಕೆಳಗಿನ ಮೊದಲ ಮೆಟ್ಟಿಲಿನಿಂದ ಮೇಲಿನ ಕೊನೆಯದರವರೆಗೆ ಒಂದನ್ನೂ ಬಿಡದೆ, ಸ್ವಂತ ಕೈಯಿಂದ, ಪ್ರತಿ ಮೆಟ್ಟಿಲಿಗೂ ಬಗ್ಗಿ ಹಚ್ಚಬೇಕು. ಗಟ್ಟಿಗರು ಒಂದೇ ಬೆಳಿಗ್ಗೆ ಮುಗಿಸುತ್ತಾರೆ. ನಮ್ಮ ಬೀದಿಯಲ್ಲಿದ್ದ ಸೌತೆಕಾಯಿ ಮಾರುವ ಹೆಂಗಸು ಮಾತ್ರ ಕಂತಿನಲ್ಲಿ ಮಾಡುತ್ತಿದ್ದಳು. ಮೊಮ್ಮಗಳಿಗೆ ಮಾತು ಬರಲಿ ಎಂದು ಹೊತ್ತ ಹರಕೆ. ಮಾತು ಬಂದಿತ್ತು; ಈಗ ಬಾಯಿ ಮುಚ್ಚಿಸುವುದಕ್ಕೆ ಇನ್ನೊಂದು ಹರಕೆ ಹೊರಬೇಕು ಎಂದು ಅವಳೇ ನಗುತ್ತಿದ್ದಳು. ಮಂಡಿಚಿಪ್ಪು ಸವೆದಿದ್ದರಿಂದ ಮಂಗಳವಾರ, ಶುಕ್ರವಾರ ಬೆಳಿಗ್ಗೆ ಒಂದಿಷ್ಟು ಮೆಟ್ಟಿಲು ಮಾತ್ರ. ನಿಲ್ಲಿಸಿದ ಕಡೆ ಗೋಡೆಯ ಪಕ್ಕಕ್ಕೆ ಸಾಲಾಗಿ ಮೂರು ಬೊಟ್ಟು ಇಟ್ಟು ಒಂದು ಕನಕಾಂಬರ ಒತ್ತಿ ಬರುತ್ತಿದ್ದಳು. ಮುಂದಿನ ಸಲ ಅದರ ಮೇಲಿನ ಮೆಟ್ಟಿಲಿನಿಂದ ಶುರು. ಅವಳು ಮೆಟ್ಟಿಲುಗಳನ್ನು ಎಣಿಸಿದವಳಲ್ಲ. ಆ ಮೂರು ಬೊಟ್ಟೇ ಅವಳ ಲೆಕ್ಕ. ಮಂಡಿಯ ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಅದಾದ ಮೇಲೆ ಜನ್ಮದಲ್ಲಿ ಕುಕ್ಕರಗಾಲಲ್ಲಿ ಕೂರಬಾರದು ಎಂದು ಡಾಕ್ಟರು ಹೇಳಿದ್ದರು. ಅಷ್ಟರೊಳಗೆ ಮುಗಿಯಬೇಕಿತ್ತು. ನಂದಿಯ ಹತ್ತಿರ ಮೆಟ್ಟಿಲ ದಾರಿಗೆ ಅಡ್ಡ ಬರುವ ರಸ್ತೆ ದಾಟಿ, ಮೇಲಿನ ಭಾಗವನ್ನೂ ಬಹಳಷ್ಟು ಏರಿದ್ದಳು.

ಆ ಭಾನುವಾರ ತಂಡದ ಮುಖಂಡರು ಕುಂಕುಮವನ್ನು ಕೊಳೆ ಎಂದು ತೀರ್ಮಾನಿಸಿದರು. ಅವರು ನಿವೃತ್ತ ಇಂಜಿನಿಯರು. ಎಣ್ಣೆ ಅರಿಶಿನ ಸೇರಿ ಜಾರುತ್ತದೆ, ವಿದೇಶಿಯರು ಬಂದರೆ ಏನೆಂದುಕೊಂಡಾರು ಎಂದು ಐದು ನಿಮಿಷ ವಿವರಿಸಿ ಎಲ್ಲರ ಕೈಗೂ ತಂತಿಯ ಬ್ರಷ್ಷು ಕೊಟ್ಟರು. ನೀರು ಬೇಕೆಂದರು. ವಾಲ್ವ್ ನನ್ನ ಕೈಯಲ್ಲಿತ್ತು. ಊರಿಗೆ ಬಿಡಬೇಕಾದ ನೀರನ್ನು ಮೆಟ್ಟಿಲಿಗೆ ಬಿಟ್ಟೆ. ಎರಡು ಬೀದಿಯವರು ಖಾಲಿ ಕೊಡ ಹಿಡಿದು ನಿಂತರು. ಮೇಲಿನಿಂದ ರಸ್ತೆಯ ತನಕ, ಪೈಪು ಮುಟ್ಟುವವರೆಗೆ ಪೈಪಿನಲ್ಲಿ, ಅದರ ಕೆಳಗೆ ಬಕೆಟ್ಟಿನಲ್ಲಿ ತೊಳೆದೆವು. ನಾನು ಎಲ್ಲರಿಗಿಂತ ಜೋರಾಗಿ ಉಜ್ಜಿದೆ. ಇಷ್ಟು ದಿನ ಯಾವ ಪುಸ್ತಕದಿಂದಲೂ ಆಗದ ಕೆಲಸ ಕಣ್ಣೆದುರೇ ಆಗುತ್ತಿತ್ತು: ಕಲ್ಲು ಬೆಳ್ಳಗಾಗುತ್ತಿತ್ತು.

ಮಂಗಳವಾರ ಅವಳು ಕುಂಕುಮದ ತಟ್ಟೆ ಹಿಡಿದುಕೊಂಡೇ ಚಪ್ಪಲಿ ಸ್ಟ್ಯಾಂಡಿಗೆ ಬಂದಳು.

"ನನ್ನ ಗುರುತು ಅಳ್ಸಾಕ್ಬುಟ್ಟವ್ರೆ ಕಣಪ್ಪ. ಎಲ್ಲಿಗ್ ನಿಲ್ಸಿದ್ನೋ ಈಗ ಎಂಗ್ ಗೊತ್ತಾಯ್ತದೆ?"

ಅವರು ಅಳಿಸಿದ್ದಾರೆ ಎಂದಳು, ನೀವು ಎನ್ನಲಿಲ್ಲ. ನಾನೂ ತಿದ್ದಲಿಲ್ಲ, ದಿನವಿಡೀ ತಿದ್ದುವುದೇ ನನ್ನ ಉದ್ಯೋಗವಾಗಿದ್ದರೂ. ಮುಖಂಡರಿಗೆ ಫೋನು ಮಾಡಿದೆ. ತೊಳೆಯುವ ಮುಂಚಿನ ಫೋಟೋಗಳನ್ನು ಕಳಿಸಿದರು. ಎಲ್ಲದರಲ್ಲೂ ತಂಡ ನಗುತ್ತ ನಿಂತಿತ್ತು, ಮೆಟ್ಟಿಲುಗಳ ಮುಂದೆ ಬ್ಯಾನರು. ಒಂದು ಬೊಟ್ಟೂ ಕಾಣಲಿಲ್ಲ. ತೊಳೆದ ಮೇಲಿನ ಫೋಟೋಗಳಲ್ಲಿ ಮೆಟ್ಟಿಲು ಚೆನ್ನಾಗಿ ಕಾಣುತ್ತಿದ್ದವು. ಭಕ್ತಿ ಮನಸ್ಸಿನಲ್ಲಿದ್ದರೆ ಸಾಕೆಂದು ಆಕೆಗೆ ತಿಳಿಹೇಳಿ ಎಂದರು. ಅಷ್ಟು ಬೇಕಿದ್ದರೆ ಮುಂದಿನ ವಾರ ತಂಡದ ವತಿಯಿಂದ ಯಾವುದಾದರೂ ಒಂದು ಮೆಟ್ಟಿಲಿಗೆ ಪೇಂಟಿನಲ್ಲಿ ಗುರುತು ಹಾಕಿಸಿಕೊಡುವುದಾಗಿಯೂ ಹೇಳಿದರು. ಅವರು ತಮಾಷೆ ಮಾಡುತ್ತಿರಲಿಲ್ಲ.

ಸ್ಟ್ಯಾಂಡು ಮುಚ್ಚಿ ಅವಳ ಜೊತೆ ಇಳಿದೆ. ಉಜ್ಜುವಾಗ ಆ ಮೂರು ಬೊಟ್ಟು ನನ್ನ ಬ್ರಷ್ಷಿನಡಿ ಬಂದಿದ್ದವು, ಅದು ಖಂಡಿತ. ಖಂಡಿತವೆ? ಬಾಡಿದ ಕನಕಾಂಬರವನ್ನು ಬೆರಳಿನಿಂದ ಚಿಮ್ಮಿದ್ದು ಕಣ್ಣಿಗೆ ಕಟ್ಟಿತ್ತು. ಆದರೆ ಆ ನೆನಪಿನಲ್ಲಿ ಬೆರಳಿಗೆ ಕೈಗವಸು ಇರಲಿಲ್ಲ. ನಾನು ಅವತ್ತು ಕೈಗವಸು ಹಾಕಿದ್ದೆ. ಹಾಗಾದರೆ ಅದು ಬೇರೆ ಯಾವ ದಿನದ ಹೂವು? ಅಂಚು ಮುರಿದ ಒಂದು ಮೆಟ್ಟಿಲ ಹತ್ತಿರ ನಿಂತೆ. ಕೈ ತಾನಾಗಿ ಅದನ್ನು ತೋರಿಸಿತು.

"ಇದೇ."

ಅವಳು ಮೆಟ್ಟಿಲನ್ನು ನೋಡಲಿಲ್ಲ, ನನ್ನನ್ನು ನೋಡಿದಳು. "ಕಣ್ಣಾರ ನೋಡಿದ್ದಾ ಮೇಷ್ಟ್ರೇ, ಇಲ್ಲಾ ಅಂದ್ಕಂಡಿದ್ದಾ?"

ನೆನಪನ್ನು ನಂಬಬೇಡಿ ಎಂದು ಪುಟಗಟ್ಟಲೆ ಬರೆದವನಿಗೆ ಈ ಪ್ರಶ್ನೆಯನ್ನು ಅಷ್ಟು ಸರಳವಾಗಿ ಯಾರೂ ಕೇಳಿರಲಿಲ್ಲ. ಅಂದುಕೊಂಡಿದ್ದು ಎಂದೆ. ಹೇಳುವಾಗ ಒಂದು ಬಗೆಯ ಹೆಮ್ಮೆಯಾಯಿತು. ಆ ಹೆಮ್ಮೆಯನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೆ ಹೇಸಿಗೆ.

"ಅಂಗಾರೆ ಬುಡಿ," ಎಂದಳು. "ರಸ್ತೆ ದಾಟಿದ್ದು ನಂಗೆ ಗ್ಯಾನ ಅದೆ. ಅಲ್ಲಿಂದ್ಲೇ ಹಚ್ಕಂಡ್ ಬತ್ತೀನಿ."

ಬೇಡವೆಂದೆ. ದೇವರಿಗೆ ಗೊತ್ತಿರುತ್ತದೆ ಎಂದು ಮುಖಂಡರ ಮಾತನ್ನೇ ಬೇರೆ ಬಟ್ಟೆ ತೊಡಿಸಿ ಹೇಳಿದೆ. ತಟ್ಟೆಯನ್ನಾದರೂ ಹಿಡಿಯುತ್ತೇನೆಂದರೆ ಮುಟ್ಟಲು ಬಿಡಲಿಲ್ಲ. ಅವಳು ರಸ್ತೆಯವರೆಗೆ ಗೋಡೆ ಹಿಡಿದು ಇಳಿದು, ಮೊದಲ ಮೆಟ್ಟಿಲ ಮುಂದೆ ಮೂರು ಸಲ ಪ್ರಯತ್ನಿಸಿ ಕುಕ್ಕರಿಸಿದಳು.

ಆಪರೇಷನ್ನಿನ ದಿನ ಬಂದಾಗ ಅವಳು ಇನ್ನೂ ಆ ಅಂಚು ಮುರಿದ ಮೆಟ್ಟಿಲನ್ನೂ ತಲುಪಿರಲಿಲ್ಲ. ಆಸ್ಪತ್ರೆಗೆ ಹೋಗಲಿಲ್ಲ. ಹರಕೆ ಮುಗಿದ ಮೇಲೆ ಹೋಗಿ ಕೇಳಿದರೆ ದಸರಾ ಕಳೆದ ಮೇಲೆ ನೋಡೋಣ ಎಂದರಂತೆ. ಅಲ್ಲಿಯತನಕ ಊದಿದ ಮಂಡಿಗೆ ಬಟ್ಟೆ ಸುತ್ತಿಕೊಂಡು ಬಸ್ ನಿಲ್ದಾಣದಲ್ಲಿ ಸೌತೆಕಾಯಿ ಮಾರಿದಳು. ನಾನು ತಂಡ ಬಿಟ್ಟೆ. ಇದನ್ನು ತ್ಯಾಗವೆಂದು ಯಾರೂ ಓದಬಾರದು. ಮುಖಂಡರು ಇಡ್ಲಿ ನಿಲ್ಲಿಸಿ ಬಾಳೆಹಣ್ಣು ಶುರು ಮಾಡಿದ್ದರು.

ಒಂದು ದಿನ ಬಸ್ಸಿಗೆ ಕಾಯುತ್ತ ಅವಳನ್ನು ಕೇಳಿಯೇಬಿಟ್ಟೆ, ಅವತ್ತು ಆ ಅಂಚು ಮುರಿದ ಮೆಟ್ಟಿಲ ಹತ್ತಿರ ನಾನು ಕಣ್ಣಾರೆ ನೋಡಿದ್ದೆ ಎಂದಿದ್ದರೆ ನೀನು ಏನು ಮಾಡುತ್ತಿದ್ದೆ ಎಂದು. ಅವಳು ಸೌತೆಕಾಯಿಯನ್ನು ಸೀಳಿ ಉಪ್ಪು ಖಾರ ಸವರಿದಳು.

"ನಂಬ್ತಿದ್ದೆ ಕಣಪ್ಪ. ನಂಬಿ ಅಲ್ಲಿಂದ್ಲೇ ಹತ್ಕಂಡ್ ಹೋಯ್ತಿದ್ದೆ," ಎಂದು ಅದನ್ನು ನನ್ನ ಹಿಂದೆ ನಿಂತಿದ್ದ ಗಿರಾಕಿಗೆ ಕೊಟ್ಟಳು.