ಉಂಗುರದಡಿಯ ಹಲ್ಲು: ಡಾ. ಷಡಕ್ಷರಿಯವರ ಸೇವೆಯ ಒಂದು ನೆನಪು

ಹಲ್ಲಿನ ಡಾಕ್ಟರೆಂದರೆ ಹಲ್ಲು ಕೀಳುವವರು ಎಂದಷ್ಟೇ ಜನ ತಿಳಿದಿದ್ದ ಕಾಲದಲ್ಲಿ, ಸೊಟ್ಟ ಹಲ್ಲನ್ನೂ ಉಳಿಸಿಕೊಂಡು ನೇರ ಮಾಡಬಹುದೆಂದು ನಮ್ಮ ಸೀಮೆಗೆ ತೋರಿಸಿಕೊಟ್ಟವರು ಡಾ. ಷಡಕ್ಷರಿಯವರು. ೧೯೭೨ರಲ್ಲಿ ಕಡೂರಿಗೆ ವರ್ಗವಾಗಿ ಬಂದು, ಮುಂದೆ ತರೀಕೆರೆ, ಅಜ್ಜಂಪುರಗಳಲ್ಲೂ ದುಡಿದು ಈಗ ನಿವೃತ್ತರಾಗುತ್ತಿರುವ ಈ ಹಿರಿಯರ ಕೈಗುಣವನ್ನು ಹೊಗಳುವವರು ಬಹಳ ಮಂದಿ ಇದ್ದಾರೆ; ಅವರ ಬಾಯಿಯ ಬಗ್ಗೆ ಹೇಳುವ ಕೆಲಸ ಕಿರಿಯ ಸಹೋದ್ಯೋಗಿಗಳಾದ ನಮ್ಮ ಪಾಲಿಗೆ ಬಂದಿದೆ.

ರೋಗಿಯ ಬಾಯಿಗೆ ಏನು ಹಾಕಿದರೂ ಅದರ ಹೆಸರು, ಗುಣ ಎರಡನ್ನೂ ಹೇಳಿಯೇ ಹಾಕುವುದು ಅವರ ವ್ರತ. ಈ ವ್ರತವೇ ೧೯೮೩ರಲ್ಲಿ ಅವರಿಗೆ ಮುಳುವಾಗುವುದರಲ್ಲಿತ್ತು.

ಸೊಟ್ಟ ಹಲ್ಲು ನೇರ ಮಾಡುವ ಕ್ಲಿಪ್ ಹಾಕುವಾಗ ಹಲ್ಲಿಗೆ ಲೋಹದ ಉಂಗುರ ತೊಡಿಸಿ ಸಿಮೆಂಟಿನಿಂದ ಅಂಟಿಸುತ್ತಿದ್ದರು. ಹಳೆಯ ಸಿಮೆಂಟು ಕರಗಿ, ಸಂದಿಯಲ್ಲಿ ತಿಂಡಿಯ ಚೂರು ಸೇರಿ, ಉಂಗುರ ತೆಗೆದಾಗ ಎಷ್ಟೋ ಸಲ ಹಲ್ಲಿನ ಮೇಲೆ ಸುಣ್ಣದಂಥ ಕಲೆ ಉಳಿದಿರುತ್ತಿತ್ತು. ಅದನ್ನು ಕಂಡ ದಿನ ಷಡಕ್ಷರಿಯವರಿಗೆ ಊಟ ಸೇರುತ್ತಿರಲಿಲ್ಲ. ಫ್ಲೋರೈಡನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತ ಹಲ್ಲನ್ನು ಕಾಯುವ ಹೊಸ ಸಿಮೆಂಟು ಬಂದಿದೆಯೆಂದು ತಿಳಿದೊಡನೆ ಅದನ್ನು ಬೆಂಗಳೂರಿನಿಂದ ತರಿಸಿ, ಚೌಳಹಿರಿಯೂರು ಕಡೆಯ ರೈತ ಉಗ್ರಪ್ಪನವರ ಮಗಳು ಭಾಗಮ್ಮನಿಗೆ ಮೊದಲು ಬಳಸಿದರು; ವ್ರತ ತಪ್ಪದೆ ಫ್ಲೋರೈಡಿನ ಹೆಸರನ್ನೂ ಹೇಳಿದರು.

ಕೆಲವು ತಿಂಗಳಲ್ಲಿ ಉಗ್ರಪ್ಪನವರ ಹೊಲದ ಹೊಸ ಬೋರ್‌ವೆಲ್ಲಿನ ನೀರು ಪರೀಕ್ಷೆಯಾಯಿತು. ಫ್ಲೋರೈಡ್ ಹೆಚ್ಚಿದೆ, ಮಕ್ಕಳ ಹಲ್ಲು ಕಂದು ತಿರುಗುತ್ತದೆ ಎಂದರು ಪರೀಕ್ಷೆ ಮಾಡಿದವರು. ಉಗ್ರಪ್ಪ ಮಗಳನ್ನು ಎಳೆದುಕೊಂಡು ನೇರ ಆಸ್ಪತ್ರೆಗೆ ಬಂದರು.

“ಬೋರಲ್ಲಿರೋ ವಿಷಾನೇ ನನ್ ಮಗಳ ಬಾಯಿಗೆ ಮೆತ್ತಿದ್ದೀರಲ್ಲ ಡಾಕ್ಟ್ರೇ. ಕಿತ್ತಾಕಿ.”

ಅರ್ಧಕ್ಕೆ ಬಿಚ್ಚಿದರೆ ಹುಡುಗಿಯ ಹಲ್ಲು ಮತ್ತೆ ಸೊಟ್ಟಗಾಗುತ್ತದೆ. ಬಿಚ್ಚದಿದ್ದರೆ ಆ ಕಡೆಯವರು ಇನ್ನು ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ. “ಸಾರಿಗೆ ಚಿಟಿಕೆ ಉಪ್ಪು ಬೇಕು, ಸೇರುಗಟ್ಟಲೆ ಸುರಿದ್ರೆ ಉಣ್ಣೋಕಾಗಲ್ಲ. ಇದೂ ಹಾಗೇ” ಎಂದರು ಷಡಕ್ಷರಿಯವರು.

“ಮಾತು ಚೆನ್ನಾಗೈತೆ. ಹಲ್ಲು ನನ್ ಮಗಳದು” ಎಂದರು ಉಗ್ರಪ್ಪ.

ಷಡಕ್ಷರಿಯವರು ವಾದ ಬಿಟ್ಟು ಇಕ್ಕಳ ಹಿಡಿದರು. ಒಂದೇ ಒಂದು ಉಂಗುರ ಬಿಚ್ಚಿ ತೋರಿಸುವುದೆಂದು ತೀರ್ಮಾನಿಸಿದರು. ಹೊಸ ಸಿಮೆಂಟಿನಡಿಯ ಹಲ್ಲು ಹೇಗಿರುತ್ತದೆಂದು ಅವರೂ ಅದುವರೆಗೆ ಕಂಡವರಲ್ಲ. ಹತ್ತಿಯಿಂದ ಒರೆಸಿದಾಗ ಹಲ್ಲಿನ ಮೇಲೆ ಒಂದು ಕಲೆಯೂ ಇರಲಿಲ್ಲ. ಭಾಗಮ್ಮ ಕನ್ನಡಿಯಲ್ಲಿ ನೋಡಿಕೊಂಡು, “ಅಪ್ಪಾ, ಇನ್ನೊಂದು ಬಿಚ್ಚಿಸ್ಬೇಡ” ಎಂದಳು. ಉಗ್ರಪ್ಪ ಒಪ್ಪಿದರು.

ಗೆದ್ದೆನೆಂದು ಸುಮ್ಮನಾಗುವ ಜಾಯಮಾನ ನಮ್ಮ ಡಾಕ್ಟರದಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆಯೇ ಎಂದು ಕೇಳಿದರು. ತೊಟ್ಟಿಲಲ್ಲಿ ಕಿರಿಮಗಳು ಹುಲಿಯಮ್ಮ ಇದ್ದಳು. “ನಿಮ್ಮ ಭಯ ಸುಳ್ಳಲ್ಲ ಉಗ್ರಪ್ಪನೋರೇ. ಭಾಗಮ್ಮನ ಹಲ್ಲು ಬೆಳೆದು ಗಟ್ಟಿಯಾಗಿವೆ. ಆ ಕೂಸಿನ ಹಲ್ಲು ಇನ್ನೂ ಒಳಗೇ ಬೆಳೀತಿವೆ, ಅದಕ್ಕೆ ಬೋರಿನ ನೀರು ಕುಡಿಸ್ಬೇಡಿ” ಎಂದವರು, ಭಾನುವಾರ ತಾವೇ ಬಸ್ಸು ಹತ್ತಿ ಹೋಗಿ, ಊರ ಹಳೆಯ ಬಾವಿಯ ನೀರನ್ನು ಪರೀಕ್ಷೆಗೆ ಕಳಿಸಿ, ಕುಡಿಯಲು ಅದಾಗಬಹುದೆಂದು ಖಾತ್ರಿ ಮಾಡಿಕೊಟ್ಟರು. ಆಮೇಲೂ ವ್ರತ ಬಿಡಲಿಲ್ಲ. ಹೆಸರಿನ ಜೊತೆಗೆ ಅಳತೆಯನ್ನೂ ಹೇಳತೊಡಗಿದರು.

ಭಾಗಮ್ಮನ ಕ್ಲಿಪ್ಪನ್ನು ೧೯೮೫ರಲ್ಲಿ ಬಿಚ್ಚಿದರು. ಕಳೆದ ತಿಂಗಳು ಉಗ್ರಪ್ಪ, ಈಗ ಏಳು ವರ್ಷದವಳಾದ ಹುಲಿಯಮ್ಮನನ್ನು ಕರೆತಂದರು. ಹಾಲುಹಲ್ಲು ಬಿದ್ದು ಮುಂದಿನ ಹೊಸ ಹಲ್ಲುಗಳು ನೇರವಾಗಿ, ಒಂದು ಕಂದು ಕಲೆಯೂ ಇಲ್ಲದೆ ಬಂದಿದ್ದವು. ಷಡಕ್ಷರಿಯವರು ಆ ಪುಟ್ಟ ಬಾಯನ್ನು ಬಹಳ ಹೊತ್ತು ನೋಡಿದರು.

“ಇವಳಿಗೇನ್ ಹಾಕ್ತೀರಿ ಡಾಕ್ಟ್ರೇ?”

“ಏನೂ ಬೇಡ” ಎಂದು ಕಣ್ಣೊರೆಸಿಕೊಂಡರು.

ನಿವೃತ್ತಿಯ ನಂತರವೂ ಅಜ್ಜಂಪುರದಲ್ಲಿ ಬೆಳಗಿನ ಹೊತ್ತು ಹಲ್ಲು ನೋಡುವುದಾಗಿ ಹೇಳಿದ್ದಾರೆ. ಅವರು ನೂರ್ಕಾಲ ಆರೋಗ್ಯದಿಂದ ಬಾಳಲಿ. ಏನೂ ಬೇಡವೆಂದು ಅವರು ಮನೆಗೆ ಕಳಿಸುವ ಮಕ್ಕಳು ಈ ಸೀಮೆಯಲ್ಲಿ ಹೆಚ್ಚಲಿ.