ಶಂಖಕ್ಕೆ ನಿಂತ ದೋಣಿ

ಫುವಾತಿನೊಗೆ ಮೂವತ್ತೆರಡು ವರ್ಷ. ಅದರಲ್ಲಿ ಇಪ್ಪತ್ತು ವರ್ಷ ದೋಣಿಯ ಹಿಂಬದಿಯಲ್ಲಿ ಕೂತು ಚುಕ್ಕಾಣಿ ಹಿಡಿದವಳು. ಸಮೋವಾ ದೇಶದ ದೋಣಿ ತಂಡದಲ್ಲಿ ಇವಳೂ ಸೇರಿ ಆರು ಹೆಂಗಸರು, ಎಲ್ಲರೂ ಒಂದೇ ಊರಿನವರು. ಆ ಊರಲ್ಲಿ ಸಂಜೆ ಶಂಖ ಊದಿದರೆ ಮುಗಿಯಿತು, ಯಾರು ಎಲ್ಲಿದ್ದರೋ ಅಲ್ಲೇ ಪ್ರಾರ್ಥನೆಗೆ ನಿಲ್ಲಬೇಕು. ನೀರಿನ ಮೇಲಿದ್ದರೂ ಹುಟ್ಟು ಎತ್ತಿಬಿಡಬೇಕು. ಇನ್ನೊಮ್ಮೆ ಊದುವ ತನಕ ಮಿಸುಕಿದರೆ ದಂಡ. ಈ ಕಟ್ಟಳೆಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುವವನು ಪಾದ್ರಿ ಕೆರಿಸೋಮ.

ದ್ವೀಪಗಳ ಕ್ರೀಡಾಕೂಟದ ಕೊನೆಯ ಪಂದ್ಯ. ಹೊತ್ತು ಇಳಿಯುತ್ತಿತ್ತು, ಇವರ ದೋಣಿ ಎರಡನೆಯದಾಗಿ ನುಗ್ಗುತ್ತಿತ್ತು. ಆಗಲೇ ದಡದಿಂದ ಶಂಖ ಮೊಳಗಿತು. ಆರೂ ಹುಟ್ಟುಗಳು ತಾವಾಗಿಯೇ ಮೇಲೆದ್ದವು. ಸಾವರಿಸಿಕೊಳ್ಳುವಷ್ಟರಲ್ಲಿ ಎರಡು ದೋಣಿ ದಾಟಿಹೋದವು. ನಾಲ್ಕನೇ ಸ್ಥಾನ, ಪದಕವಿಲ್ಲ. ಊದಿದ್ದು ಯಾರು? ದಡದಲ್ಲಿ ಹುರುಪು ತಡೆಯಲಾರದೆ ಕುಣಿಯುತ್ತಿದ್ದ ಇದೇ ಪಾದ್ರಿ!

ಊರಿಗೆ ಬಂದ ಮೇಲೆ ಆ ಮಹಾನುಭಾವ ಹಿರಿಯರ ಸಭೆಯಲ್ಲಿ ಎದ್ದು ನಿಂತ.

"ಹುರಿದುಂಬಿಸೋ ಶಂಖ ಯಾವ್ದು, ಪ್ರಾರ್ಥನೆ ಶಂಖ ಯಾವ್ದು ಅಂತ ಗೊತ್ತಾಗಲ್ವಾ ಇವಳಿಗೆ? ದೇಶದ ಮಾನ ಕಳೆದ್ಲು. ಇನ್ಮೇಲೆ ತಂಡದ ಚುಕ್ಕಾಣಿ ಇವಳಿಗೆ ಕೊಡ್ಬೇಡಿ."

ಹಿರಿಯರು ತಲೆಯಾಡಿಸಿದರು. ಐವರು ಗೆಳತಿಯರು ತುಟಿ ಪಿಟಕ್ಕೆನ್ನಲಿಲ್ಲ. ಥೂ, ಅವರೂ ಹುಟ್ಟು ಎತ್ತಿದವರೇ ತಾನೆ! ಚುಕ್ಕಾಣಿ ಬಿಟ್ಟರೆ ಬೇರೆ ಬದುಕೇ ಗೊತ್ತಿಲ್ಲದ ಫುವಾತಿನೊ ಮೂರು ದಿನ ಊಟ ಬಿಟ್ಟಳು.

ಒಂದು ತಿಂಗಳಾಗಿರಬೇಕು. ಆಚೆ ದಡದಲ್ಲಿ ಮದುವೆ ಊಟ ಮುಗಿಸಿದ ಪಾದ್ರಿ ಬೇರೆ ದೋಣಿ ಸಿಗದೆ ಇವಳ ಸ್ವಂತ ಪುಟ್ಟ ದೋಣಿಯನ್ನೇ ಹತ್ತಬೇಕಾಯಿತು. ಅರ್ಧ ದಾರಿಯಲ್ಲಿ ಮಳೆ ರಪರಪ ಬಡಿಯಿತು. ಅದೇ ಹೊತ್ತಿಗೆ ಊರಿನ ಶಂಖ ಕೇಳಿಸಿತು. ಅವಳು ಹುಟ್ಟನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಳು.

"ಹಾಕೇ ಹುಟ್ಟು! ದೋಣೀಲಿ ನೀರು ತುಂಬ್ತಿದೆ!"

"ಶಂಖ ಊದಿದೆ, ಪಾದ್ರಿಗಳೇ."

"ಹಾಳಾದ ಶಂಖ! ಮುಂದಿನ ಕೂಟಕ್ಕೆ ಚುಕ್ಕಾಣಿ ನಿಂಗೇ ಕೊಡಿಸ್ತೀನಿ, ದೇವರಾಣೆ. ಹಾಕಮ್ಮ, ನನ್ನ ತಾಯಿ!"

ಅವಳ ಕೈ ಹುಟ್ಟಿನ ಮೇಲೆ ಬಿಗಿಯಿತು. ಅವಳಿಗೆ ಬೇಕಾಗಿದ್ದು ಅದೊಂದೇ. ಆದರೆ ಈಗ ಹುಟ್ಟು ಹಾಕಿದರೆ ಆವತ್ತು ನಿಂತದ್ದು ತನ್ನದೇ ತಪ್ಪು ಎಂದು ಒಪ್ಪಿದಂತಾಗುತ್ತಿತ್ತು. ಕೈ ಸಡಿಲಿಸಿದಳು.

"ಇದು ಯಾವ ಶಂಖ, ಪಾದ್ರಿಗಳೇ? ಹುರಿದುಂಬಿಸೋದಾ, ಪ್ರಾರ್ಥನೇದಾ? ನಂಗೆ ಗೊತ್ತಾಗಲ್ಲ ಅಂತ ನೀವೇ ಹೇಳಿದ್ರಲ್ಲ."

ಪಾದ್ರಿ ಹಲ್ಲು ಕಡಿದ. "ಪ್ರಾರ್ಥನೇದು."

"ಹಾಗಾದ್ರೆ ಕಣ್ಣು ಮುಚ್ಚಿ."